ಮುತ್ತಾತನ ಎಡೆಗೆ ಬಾಡಿಲ್ಲ

ಚಿಕ್ಕಬೈರಪ್ಪ: ನಮ್ಮ ಮುತ್ತಾತ ಏನು ತಿಂತಿದ್ದ ಅಂತ ರಾಜಸ್ಥಾನದೋನು ಬಂದು ನಂಗೆ ಹೇಳ್ಬೇಕೇನೋ?

ಕೈಲಾಸ್: ನಿಂಗೆ ಗೊತ್ತಿದ್ದಿದ್ರೆ ನಾನ್ಯಾಕೆ ಹೇಳ್ತಿದ್ದೆ?

ಅವತ್ತು ಮಹಾಲಯ ಅಮಾವಾಸ್ಯೆ. ಜರಗನಹಳ್ಳಿಯ ಚಿಕ್ಕಬೈರಪ್ಪನ ಮನೆಯಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಹೊತ್ತು. ಬದುಕಿದ್ದಾಗ ಯಾರಿಗೆ ಏನು ಇಷ್ಟವೋ ಅದನ್ನೇ ಎಲೆಗೆ ಬಡಿಸಬೇಕು, ಹೆಸರು ಹಿಡಿದು ಕರೆಯಬೇಕು. ತಾತನಿಂದಾಚೆಗೆ ಈ ಯಜಮಾನನಿಗೆ ಹೆಸರೇ ಗೊತ್ತಿಲ್ಲ. ಅದಕ್ಕೇ ಎದುರಿನ ಹಾರ್ಡ್‌ವೇರ್ ಅಂಗಡಿಯ ಕೈಲಾಸ್‌ನನ್ನು ಕರೆಸಿದ್ದ. ಹೆಸರು ಹೇಳಿ ಹೋಗಪ್ಪ ಅಂದರೆ ಆ ಪುಣ್ಯಾತ್ಮ ಮಟನ್ ಸಾರಿಗೇ ತಕರಾರು ತೆಗೆದಿದ್ದ.

ಕೈಲಾಸ್ ಮೀಸೆ ಚಿಗುರುವ ಮುಂಚೆ ಇಲ್ಲಿಗೆ ಬಂದವನು, ಈಗ ಅದೇ ಮೀಸೆ ಪೂರ್ತಿ ಬೆಳ್ಳಗಾಗಿದೆ. ಬಂದ ದಿನದಿಂದ ಅವನಿಗೆ ಈ ಊರಿನದೇ ಹುಚ್ಚು. ಯಾವ ಅಪಾರ್ಟ್‌ಮೆಂಟಿನ ಕೆಳಗೆ ಯಾರ ರಾಗಿ ಹೊಲವಿತ್ತು, ಕೆರೆಗೆ ನೀರು ಎಲ್ಲಿಂದ ಬರುತ್ತಿತ್ತು, ಎಲ್ಲ ಬಾಯಿಪಾಠ. ಮೊಳೆ ಕೊಳ್ಳಲು ಬಂದವರೂ ಊರಿನ ಪುರಾಣ ಕೇಳದೆ ಪಾರಾದದ್ದಿಲ್ಲ. ಇಷ್ಟಾದರೂ ಜನ ಅವನನ್ನು ‘ಹೊರಗಿನ ಸೇಟು’ ಅನ್ನುವುದು ಬಿಟ್ಟಿರಲಿಲ್ಲ. ಅದು ಅವನಿಗೆ ಒಳಗೊಳಗೇ ಚುಚ್ಚುತ್ತಿತ್ತು. ಇವತ್ತಂತೂ ಸೋಲಲು ಅವನು ತಯಾರಿರಲಿಲ್ಲ.

ಚಿಕ್ಕಬೈರಪ್ಪ: ನಮ್ಮ ವಂಶದಲ್ಲಿ ಬಾಡು ಬೇಡ ಅಂದೋನು ಹುಟ್ಟೇ ಇಲ್ಲ. ನೀನು ತಿನ್ನಲ್ಲ ಅಂತ ನಮ್ಮೋರ್ನೂ ಸೇರಿಸ್ಕೋತಿದೀಯ.

ಕೈಲಾಸ್: ಹಬ್ಬಕ್ಕೆ ಸಾಕಿದ ಟಗರು ನಿಮ್ಮ ಮುತ್ತಾತನ ಹಿಂದೇನೇ ಹೊಲಕ್ಕೆ ಹೋಗೋದು. ಕಡಿಯೋ ದಿನ ಅವನಿಗೆ ಕೈ ಬರ್ಲಿಲ್ಲ. ಅವತ್ತಿಂದ ಸಾಯೋವರ್ಗೂ ಬಾಡು ಮುಟ್ಲಿಲ್ಲ.

ಚಿಕ್ಕಬೈರಪ್ಪ: ಯಾರು ಹೇಳಿದ್ದು?

ಕೈಲಾಸ್: ನಿಮ್ಮಜ್ಜಿ ಲಕ್ಕವ್ವ. ಸ್ವಂತ ಮಾವನ ವಿಷ್ಯ ಅವಳಿಗೆ ಗೊತ್ತಿರಲ್ವಾ?

ಚಿಕ್ಕಬೈರಪ್ಪ: ನಂಗೆ ಹೇಳ್ದೆ ನಿಂಗ್ಯಾಕೆ ಹೇಳಿದ್ಲು?

ಕೈಲಾಸ್: ಅವಳು ಬಾಯಿ ತೆಗೆದ್ರೆ ನೀನು ಬುಲೆಟ್ ಸ್ಟಾರ್ಟ್ ಮಾಡ್ತಿದ್ದೆ. ನಾನು ಅಂಗಡೀಲಿ ಸ್ಟೂಲ್ ಹಾಕಿ ಕೂರಿಸ್ತಿದ್ದೆ.

ಚಿಕ್ಕಬೈರಪ್ಪನ ಹೆಂಡತಿ ಮುನಿಲಕ್ಷ್ಮಮ್ಮ ಅಡುಗೆಮನೆಯಿಂದ ಬಂದಳು. ಸತ್ತವರ ಊಟದ ಜಗಳದಲ್ಲಿ ಬದುಕಿರೋರು ಹಸಿದು ಸಾಯಬೇಕಾ ಎಂದು ಇಬ್ಬರನ್ನೂ ಒಟ್ಟಿಗೇ ಗದರಿ, ಮುತ್ತಾತನಿಗೆಂದು ಒಂದು ಎಲೆ ಪಕ್ಕಕ್ಕೆ ಸರಿಸಿ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಗಂಡ ಮುಖ ಹುಳ್ಳಗೆ ಮಾಡಿಕೊಂಡ. ಆಮೇಲೆ, ನೀನೇ ಕರಿ ಮಾರಾಯ, ಅವರಿಗೆ ನಿನ್ನ ಪರಿಚಯವೇ ಜಾಸ್ತಿ ಎಂದು ಕೈಲಾಸ್‌ನನ್ನು ಮುಂದಕ್ಕೆ ನೂಕಿದ.

ಕೈಲಾಸ್ ಕೈಮುಗಿದು, ಮುತ್ತಾತ ಕೆಂಪಬೈರಪ್ಪನಿಂದ ಲಕ್ಕವ್ವನವರೆಗೆ ಒಬ್ಬೊಬ್ಬರನ್ನೇ ಊಟಕ್ಕೆ ಕರೆದ. ಲಕ್ಕವ್ವನನ್ನು ಮಾತ್ರ ಎರಡು ಸಲ ಕರೆದ.

ಮುನಿಲಕ್ಷ್ಮಮ್ಮ: ಸೇಟಣ್ಣ, ನಿಮ್ಮ ಮುತ್ತಾತನ್ನೂ ಕರೀರಿ. ಇನ್ನೊಂದು ಎಲೆ ಹಾಕ್ತೀನಿ.

ಕೈಲಾಸ್ ಬಾಯಿ ತೆರೆದ. ಹೆಸರು ಬರಲಿಲ್ಲ. ತಲೆ ಕೆರೆದುಕೊಂಡ. ಮರೆತಿದ್ದಲ್ಲ, ಅವನು ಯಾರನ್ನೂ ಕೇಳಿಯೇ ಇರಲಿಲ್ಲ.

ಕೈಲಾಸ್: ಊರಿಗೆ ಫೋನ್ ಮಾಡ್ಬೇಕು ಅಕ್ಕ.

ಸಿಕ್ಕಿಬಿದ್ದ ಎಂದು ಚಿಕ್ಕಬೈರಪ್ಪ ನಗಬಹುದಿತ್ತು. ಗೆಳೆಯನ ಮುಖ ನೋಡಿ ನಗಲಿಲ್ಲ.

ಚಿಕ್ಕಬೈರಪ್ಪ: ಬಿಡೋ, ನಮ್ಮ ಮುತ್ತಾತನ್ನೇ ಇಟ್ಕೋ. ಹೆಂಗೂ ನಿನ್ನಂಗೇ ಸೊಪ್ಪು ತಿನ್ನೋನು.