ನಾನು ಕಣ್ಣೀರು ಬೆರೆಸಿದ ಬಾಡಿನ ಸಾರು

ಊಟವಾದ ಮೇಲೆ ಎಲೆಅಡಿಕೆ ಹಾಕುವವರನ್ನು ಯಾಕೆ ಹಾಕುತ್ತೀರಿ ಎಂದು ಯಾರೂ ಕೇಳುವುದಿಲ್ಲ. ಸಂಜೆ ಜಗಲಿಯ ಮೇಲೆ ಕೂತು ಊರವರ ಸುದ್ದಿ ಆಡುವವರನ್ನೂ ಕೇಳುವುದಿಲ್ಲ. ಬರೆಯುವವರನ್ನು ಮಾತ್ರ ಕಂಡಕಂಡವರೆಲ್ಲ ಕೇಳುತ್ತಾರೆ. ನನಗಂತೂ ಈ ಚಟ ಹತ್ತಿ ಹದಿನೈದು ವರ್ಷವಾಯಿತು. ಪ್ರಶ್ನೆಗಳಿಗೂ ಅಷ್ಟೇ ವಯಸ್ಸು. ಹೆದ್ದಾರಿಯ ಪಕ್ಕ ಬಣ್ಣದ ಗೊಂಬೆ ಅಂಗಡಿ ಇಟ್ಟಿರುವ ನನ್ನ ಯಜಮಾನರು, ಅನ್ನ ಸೀದ ದಿನವೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: ಇವತ್ತು ಎಷ್ಟು ಪುಟ ಆಯಿತು ಎಂದು. ಆಫೀಸಿನ ಮೇಲಧಿಕಾರಿಗೆ ನಾನು ಬರೆಯುವ ಹಾಳೆ ಸರ್ಕಾರದ್ದೋ ಸ್ವಂತದ್ದೋ ಎಂಬುದೊಂದೇ ಕುತೂಹಲ. ನಮ್ಮಮ್ಮ ಇನ್ನೂ ಸರಳ. ಅಷ್ಟೊಂದು ಹೇಳಿಕೊಳ್ಳುವಂಥ ಕಷ್ಟ ನಿನಗೇನು ಬಂದಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಳಿಯನ ಕಡೆ ಅನುಮಾನದಿಂದ ನೋಡುತ್ತಾರೆ.

ಈ ಎಲ್ಲಾ ಪ್ರಶ್ನೆಗಳಿಗೂ ನನ್ನ ಹತ್ತಿರ ಒಂದೊಂದು ಉತ್ತರವಿತ್ತು. ಉತ್ತರವಿಲ್ಲದ ಪ್ರಶ್ನೆ ಕೇಳಿದವರು ಓದುಬರಹ ಬಾರದ ಇಬ್ಬರು ಹೆಂಗಸರು, ಒಬ್ಬ ಅತ್ತೆ ಮತ್ತು ಆಕೆಯ ಸೊಸೆ. ಅದನ್ನು ಹೇಳಿಬಿಡುತ್ತೇನೆ.

ನಾನು ಚನ್ನಪಟ್ಟಣದಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವಳು. ಬೆಳಗಿನ ಗಾಡಿಯ ಹೆಂಗಸರ ಬೋಗಿ ಎಂದರೆ ಒಂದು ದೊಡ್ಡ ಅಡುಗೆಮನೆ ಎಂದೇ ತಿಳಿಯಬೇಕು, ಒಲೆ ಇಲ್ಲ ಅಷ್ಟೆ. ಸೊಪ್ಪು ಸೋಸುವುದು, ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು ಎಲ್ಲ ರಾಮನಗರ, ಬಿಡದಿ ದಾಟುವಷ್ಟರಲ್ಲಿ ಮುಗಿಯಬೇಕು. ಅವರೆಕಾಯಿ ಯಾರದ್ದಾದರೂ ಆಗಲಿ, ಸುಲಿಯುವ ಕೈ ಎಲ್ಲರದ್ದು. ಸುಲಿಯದೆ ಕೂರುವ ಸವಲತ್ತು ಇದ್ದದ್ದು ನನಗೊಬ್ಬಳಿಗೆ. 'ಪಾಪ, ಅವರು ಬರೆಯೋರು' ಎಂದು ಕಿಟಕಿಯ ಪಕ್ಕ ಜಾಗವನ್ನೂ ಬಿಟ್ಟುಕೊಡುತ್ತಿದ್ದರು. ಈ ಜಾಗವನ್ನು ತಮ್ಮ ದುಪಟ್ಟಾ ಹಾಸಿ ಹಿಡಿದಿಡುತ್ತಿದ್ದವರು ಜಬೀನಾ ಟೀಚರ್. ರೇಷ್ಮೆ ಬಿಚ್ಚುವವರ ಮನೆಯ ಹೆಣ್ಣುಮಗಳು, ಈಗ ಬೆಂಗಳೂರಿನ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳುತ್ತಾರೆ. ಬೋಗಿಯಲ್ಲಿ ನನ್ನ ಬರಹ ಓದುತ್ತಿದ್ದವರು ಅವರೊಬ್ಬರೇ.

ಆದರೆ ಆ ಬೋಗಿಯ ರಾಣಿ ನಾನಲ್ಲ, ಚಿಕ್ಕತಾಯಮ್ಮ. ಕೆಂಗಲ್ ಆಚೆಯ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು ರೈಲು ಹತ್ತುವ ಈಕೆ ಒಂದು ಆಸ್ಪತ್ರೆಯಲ್ಲಿ ಆಯಾ. ವಯಸ್ಸು ಐವತ್ತೈದಿರಬಹುದು. ಕಾಯಿ ಸುಲಿಯುತ್ತಾ ತಲೆ ಎತ್ತದೆ ಒಂದು ಕಥೆ ಶುರು ಮಾಡಿದರೆ, ಬಿಡದಿಯಲ್ಲಿ ಇಳಿಯಬೇಕಾದವರು ಕೆಂಗೇರಿಯಲ್ಲಿ ಇಳಿದದ್ದುಂಟು. ಯಾವ ಮಾತಿಗೆ ನಿಲ್ಲಿಸಬೇಕು, ಎಲ್ಲಿ ಸುಮ್ಮನೆ ಒಂದು ಕಾಯಿ ಬಿಡಿಸಬೇಕು ಎಂಬುದು ಆಕೆಯ ಬೆರಳಿಗೇ ಗೊತ್ತಿತ್ತು. ನಾನು ಒಂದು ವಾಕ್ಯವನ್ನು ಆರು ಸಲ ಹೊಡೆದುಹಾಕಿ ಏಳನೆಯ ಸಲ ಮೊದಲಿನದನ್ನೇ ಬರೆಯುವವಳು. ಆಕೆಯ ಮುಂದೆ ಪೆನ್ನು ಹಿಡಿದು ಕೂರಲು ನನಗೆ ನಿಜಕ್ಕೂ ನಾಚಿಕೆಯಾಗುತ್ತಿತ್ತು. ನಾಚಿಕೆಯಾದರೂ ಕಿವಿ ಮಾತ್ರ ಅತ್ತಲೇ ಇರುತ್ತಿತ್ತು.

ಒಂದು ದಿನ ಆಕೆ ಹೇಳಿದ್ದು ತನ್ನ ಅತ್ತೆ ಕೆಂಪಮ್ಮಜ್ಜಿಯ ಕಥೆ. ಯುಗಾದಿಯ ಮಾರನೇ ದಿನ ವರ್ಷತೊಡಕು. ನಮ್ಮ ಕಡೆ ಅವತ್ತು ಬಾಡು ಬೇಯದ ಮನೆ ಮನೆಯೇ ಅಲ್ಲ. ಅವತ್ತು ಹೇಗಿರುತ್ತೇವೋ ವರ್ಷವೆಲ್ಲ ಹಾಗೇ ಎಂಬ ನಂಬಿಕೆ ಬೇರೆ. ಊರಿನವರು ಸೇರಿ ಆಡು ಕೊಯ್ದು, ಎಲೆಯ ಮೇಲೆ ಗುಡ್ಡೆ ಗುಡ್ಡೆಯಾಗಿ ಪಾಲು ಹಾಕಿಕೊಳ್ಳುತ್ತಾರೆ. ಆ ವರ್ಷ ಚಿಕ್ಕತಾಯಮ್ಮನ ಮಾವ, ತಲೆ ಯಾರಿಗೆ ಕಾಲು ಯಾರಿಗೆ ಎಂಬ ವಿಷಯಕ್ಕೆ ಜಗಳ ಕಾದು, ನಿಮ್ಮ ಬಾಡೂ ಬೇಡ ನಿಮ್ಮ ಸಹವಾಸವೂ ಬೇಡ ಎಂದು ಟವಲ್ ಕೊಡವಿಕೊಂಡು ಬರಿಗೈಲಿ ಬಂದುಬಿಟ್ಟರು. ಕೆಂಪಮ್ಮಜ್ಜಿ ಗಂಡನನ್ನು ಒಂದು ಮಾತೂ ಆಡಲಿಲ್ಲ. ಒರಳಿನ ಮುಂದೆ ಕೂತು ಚಕ್ಕೆ, ಲವಂಗ, ಗಸಗಸೆ, ಕಾಯಿ, ಹುರಿದ ಈರುಳ್ಳಿ ಹಾಕಿ ಅರೆದರು. ಮಡಕೆಯೊಳಗೆ ಇದ್ದದ್ದು ಬದನೆಕಾಯಿ ಮತ್ತು ಆಲೂಗೆಡ್ಡೆ. ಘಮ ಮಾತ್ರ ಇಡೀ ಬೀದಿಗೆ ಹಬ್ಬಿತು. ಆ ಘಮ ಹಿಡಿದು ಬೈರಮಂಗಲದಿಂದ ಬಂದಿದ್ದ ಅಜ್ಜಿಯ ತಮ್ಮ ಸೀದಾ ಒಳಗೆ ನುಗ್ಗಿ ತಟ್ಟೆ ಮುಂದೆ ಕೂತ. ಮುದ್ದೆ ಬಿತ್ತು, ಸಾರು ಬಿತ್ತು. ತುಂಡೆಲ್ಲಿ ಅಂದ. ಮೊದಲ ಸಾಲಿನವರಿಗೇ ಮುಗಿಯಿತು, ನೀನು ಒಸಿ ಬೇಗ ಬರಬಾರದಾಗಿತ್ತಾ ಅಂದರು ಅಜ್ಜಿ. ಮೂಳೆಯಾದರೂ ಇರಬೇಕಲ್ಲ ಅಂದ. ನಾಯಿಗೆ ಹಾಕಿದೆ ಅಂದರು. ಬೆಳಗಿನಿಂದ ಏನೂ ಕಾಣದ ನಾಯಿ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡಿತಂತೆ. ಜಗಳ ಕಾದು ಬಂದ ಮಾವನೋ, ಜಗಲಿಯ ಮೇಲೆ ಕೂತು ಕಡ್ಡಿಯಿಂದ ಹಲ್ಲು ಕುಕ್ಕಿಕೊಳ್ಳುತ್ತಾ, ಸಿಕ್ಕಿಕೊಳ್ಳದ ಬಾಡನ್ನು ತೆಗೆಯುತ್ತಿದ್ದರಂತೆ.

ಬೋಗಿಗೆ ಬೋಗಿಯೇ ನಕ್ಕಿತು. ಅವರೆಕಾಳು ಸೀಟಿನ ಕೆಳಗೆಲ್ಲ ಚೆಲ್ಲಿಹೋಯಿತು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ಮುಗಿಯುವ ಮೊದಲೇ ನನ್ನ ಚಟ ಎದ್ದು ಕೂತಿತು.

ಅದೇ ವಾರ ಬರೆದೆ. ಇಲ್ಲಿ ನನ್ನ ತಪ್ಪೊಪ್ಪಿಗೆ. ಜಗಳ ಕೈಬಿಟ್ಟೆ; ಆಡಿನ ತಲೆಗಾಗಿ ಕಚ್ಚಾಡುವುದು ಸಾಹಿತ್ಯಕ್ಕೆ ಒಪ್ಪುವುದಿಲ್ಲ ಅನ್ನಿಸಿತು. ಬದಲಿಗೆ ಮನೆಗೆ ಬಡತನ ತಂದೆ. ಮಳೆಯನ್ನೂ ನಿಲ್ಲಿಸಿದೆ. ಮಾವನ ಹಲ್ಲುಕಡ್ಡಿ ಕಿತ್ತುಕೊಂಡು ಕೈಗೆ ಕೆಮ್ಮು ತುಂಬಿದ ಟವಲ್ ಕೊಟ್ಟೆ. ನಾಯಿ ಬಂದರೆ ಜನ ನಗುತ್ತಾರೆಂದು ನಾಯಿಯನ್ನು ಓಡಿಸಿದೆ. ಕೊನೆಗೆ ಅಜ್ಜಿಯ ಕಣ್ಣಿಂದ ಎರಡು ಹನಿ ಒರಳಿಗೆ ಬೀಳಿಸಿ, ಆ ಹನಿಗೆ ನಾನೇ ಅತ್ತು, ಪತ್ರಿಕೆಗೆ ಕಳಿಸಿದೆ. ಭಾನುವಾರದ ಪುರವಣಿಯಲ್ಲಿ ಬಂದೂಬಿಟ್ಟಿತು. ಹೆಸರುಗಳನ್ನು ಬದಲಿಸಿದ್ದೆ, ನಿಜ. ಆದರೆ ಕೆಂಗಲ್ ಆಚೆಯ ಹಳ್ಳಿ, ಬೈರಮಂಗಲದ ತಮ್ಮ, ವರ್ಷತೊಡಕು ಎಲ್ಲ ಇದ್ದಲ್ಲೇ ಇದ್ದವು.

ಸೋಮವಾರ ಜಬೀನಾ ಟೀಚರ್ ಪತ್ರಿಕೆ ತಂದು, ಎಲ್ಲರಿಗೂ ಓದಿ ಹೇಳಿ ಎಂದರು. ಹೊಗಳಿಕೆಯ ಆಸೆ ಕೆಟ್ಟದ್ದು. ಗಂಟಲು ಸರಿಮಾಡಿಕೊಂಡು ಓದಿದೆ. ಯಾರೂ ನಗಲಿಲ್ಲ. ಒಬ್ಬರು ಲೊಚಗುಟ್ಟಿದರು, ಇನ್ನೊಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಬರೆದದ್ದು ಸಾರ್ಥಕವಾಯಿತು ಎಂದುಕೊಂಡು ತಲೆ ಎತ್ತಿದರೆ, ಚಿಕ್ಕತಾಯಮ್ಮನ ಕೈಯಲ್ಲಿ ಅವರೆಕಾಯಿ ಹಾಗೇ ನಿಂತಿತ್ತು.

"ನಾನು ಹೇಳ್ದಾಗ ಎಲ್ರೂ ನಗಾಡುದ್ರಿ ಕಣವ್ವಾ. ನೀನು ಹೇಳುದ್ರೆ ಅಯ್ಯೋ ಪಾಪ ಅಂತಾವ್ರೆ. ನಮ್ಮನೆ ಒಂದೇ ಅಲ್ವಾ?"

ನಾನು ಹೇಳಿದ ಉತ್ತರವಿಲ್ಲದ ಪ್ರಶ್ನೆಗಳಲ್ಲಿ ಇದು ಮೊದಲನೆಯದು. ಆಕೆ ಪತ್ರಿಕೆ ಇಸಿದುಕೊಂಡು ಮಡಿಚಿ ಚೀಲದಲ್ಲಿಟ್ಟುಕೊಂಡರು. ಮನೆಯಲ್ಲಿ ಓದಿಸುತ್ತೇನೆ ಎಂದರು. ಮನೆಯಲ್ಲಿ ಬಾಡಿಲ್ಲವೆಂಬುದು ಬೀದಿಗೆ ತಿಳಿಯಬಾರದೆಂದು ಗಸಗಸೆ ಅರೆದ ಹೆಂಗಸು ಕೆಂಪಮ್ಮಜ್ಜಿ. ಆ ಮನೆಯಲ್ಲಿ ಅನ್ನವೇ ಇರಲಿಲ್ಲವೆಂದು ನಾನು ಜಿಲ್ಲೆಗೆಲ್ಲ ಸಾರಿಬಿಟ್ಟಿದ್ದೆ. ತೊಂಬತ್ತು ದಾಟಿದ ಜೀವ ಈ ವಯಸ್ಸಿನಲ್ಲಿ ಬೀದಿಗೆ ಮುಖ ತೋರಿಸಲು ಹಿಂಜರಿಯುವಂತಾದರೆ ಅದರ ಪಾಪ ನನ್ನದು. ಚಿಕ್ಕತಾಯಮ್ಮ ಮೂರು ದಿನ ನಮ್ಮ ಬೋಗಿಗೆ ಬರಲಿಲ್ಲ. ಯಾರೂ ಕಥೆ ಹೇಳಲಿಲ್ಲ. ಕಿಟಕಿಯ ಪಕ್ಕದ ಜಾಗದಲ್ಲಿ ನಾನು ಪೆನ್ನು ತೆಗೆಯಲಿಲ್ಲ. ಕೇಳದೆಯೇ ಅವರೆಕಾಯಿಯ ಚೀಲ ಎಳೆದುಕೊಂಡು ಸುಲಿದೆ. ಯಾರೂ ಬೇಡ ಅನ್ನಲಿಲ್ಲ.

ನಾಲ್ಕನೆಯ ದಿನ ಆಕೆ ಬಂದರು. ಅತ್ತೆ ಕರೆಯುತ್ತಿದ್ದಾರೆ, ಭಾನುವಾರ ಬಂದುಬಿಡು ಎಂದರು. ಸಿಟ್ಟಾಗಿದ್ದಾರಾ ಎಂದು ಕೇಳಿದೆ. ಅದನ್ನು ನೀನೇ ಬಂದು ನೋಡು ಎಂದರು.

ಭಾನುವಾರ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಹೋದೆ. ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ ಕೆಂಪಮ್ಮಜ್ಜಿಗೆ ಕಣ್ಣು ಮಂಜು, ಕಿವಿ ಚುರುಕು. ನಿನ್ನ ಬಾಯಲ್ಲೇ ಕೇಳಬೇಕು, ಓದು ಎಂದರು. ಎರಡು ಪುಟ ಓದಲು ನಾನು ಅಷ್ಟು ಬೆವತದ್ದು ಯಾವ ಪರೀಕ್ಷೆಯಲ್ಲೂ ಇಲ್ಲ. ಅಜ್ಜಿ ನಡುವೆ ಒಂದೇ ಸಲ ತಡೆದರು. ಒರಳಿಗೆ ಕಣ್ಣೀರು ಬಿದ್ದ ಕಡೆ, ಹಂಗೆ ನೀರು ಬಿದ್ದರೆ ಮಸಾಲೆ ನುಣ್ಣಗಾಗುವುದೆಲ್ಲಿ ಎಂದರು; ಉತ್ತರವಿಲ್ಲದ ಎರಡನೆಯ ಪ್ರಶ್ನೆ ಇದೇ. ಓದಿ ಮುಗಿಸಿದ ಮೇಲೆ, ನಾಯಿ ಎಲ್ಲಿ ಹೋಯಿತು ಎಂದು ಕೇಳಿದರು. ನಾನೇ ತೆಗೆದೆ ಅಂದೆ. ಬಡತನ ಯಾರು ಹೇಳಿದರು ಎಂದು ಕೇಳಿದರು. ನಾನೇ ಹಾಕಿದೆ ಅಂದೆ. ತಪ್ಪಾಯಿತು ಅಜ್ಜಿ ಎಂದು ಕೈ ಮುಗಿದೆ. ನಿಜವಾಗಿಯೂ ಅಳು ಬಂದಿತ್ತು, ಈ ಸಲ ಯಾವ ಪತ್ರಿಕೆಗೂ ಅಲ್ಲ.

ಅಜ್ಜಿ ನನ್ನ ಕೈ ಹುಡುಕಿ ಹಿಡಿದುಕೊಂಡರು.

"ನಾನು ಇಲ್ದಿದ್ದುನ್ನ ಐತೆ ಅಂತ ಮಾಡ್ದೆ. ನೀನು ಇದ್ದುದ್ದುನ್ನ ಇಲ್ಲ ಅಂತ ಮಾಡ್ದೆ. ಇಬ್ರೂ ಸುಳ್ಳೇ ಮಾಡುದ್ವಿ ಬುಡು. ಆದ್ರೆ ನನ್ ಸುಳ್ಳುಗೆ ಘಮ ಇತ್ತು ಕಣವ್ವಾ."

ಹದಿನೈದು ವರ್ಷದಲ್ಲಿ ನನ್ನ ಬರಹದ ಬಗ್ಗೆ ಇಷ್ಟು ಸರಿಯಾದ ಮಾತು ಯಾರೂ ಆಡಿರಲಿಲ್ಲ. ಆ ಅಜ್ಜಿಯ ಮೇಲೆ ನನಗೆ ಹುಟ್ಟಿದ ಗೌರವವನ್ನು ಹೇಗೆ ಹೇಳಲಿ? ಒಲೆಯ ಮುಂದೆ ಕೂತು, ಇರುವ ಬದನೆಕಾಯಲ್ಲೇ ಇಡೀ ಬೀದಿಯನ್ನು ನಂಬಿಸಿದವರು. ನಾನು ಮಳೆ ನಿಲ್ಲಿಸಿ, ನಾಯಿ ಓಡಿಸಿ, ಒಂದು ಬೋಗಿಯನ್ನು ಅಳಿಸಿದ್ದೆ ಅಷ್ಟೆ. ಬೀದಿಯವರು ಏನಂದುಕೊಂಡರೋ ಎಂದು ಅಳುಕುತ್ತಲೇ ಕೇಳಿದೆ. ಅಂದುಕೊಂಡವರಿಗೆಲ್ಲ ಅಜ್ಜಿ ಆಗಲೇ ಹೇಳಿಕಳಿಸಿದ್ದರಂತೆ, ಅದು ಬೇರೆ ಯಾರದ್ದೋ ಮನೆ ಎಂದು. ಬೀದಿ ಅದನ್ನೂ ನಂಬಿತ್ತು. ಆಮೇಲೆ ಊಟಕ್ಕೆ ಎಬ್ಬಿಸಿದರು. ಅವತ್ತು ತುಂಡೂ ಇತ್ತು, ಮೂಳೆಯೂ ಇತ್ತು. ಬಾಗಿಲಲ್ಲಿ ಒಂದು ನಾಯಿಯೂ ಇತ್ತು, ಅದಕ್ಕೆ ನಾನೇ ನನ್ನ ಕೈಯಾರೆ ಹಾಕಿದೆ.

ಬಸ್ಸಿಗೆ ಬಿಡಲು ಬಂದ ಚಿಕ್ಕತಾಯಮ್ಮ ನನ್ನ ಮುಖ ನೋಡಿದರು. ಇದನ್ನೂ ಬರೆಯುತ್ತೀಯ, ಗೊತ್ತು ನನಗೆ ಎಂದರು. ಮೊದಲ ಪ್ಯಾರಾ ಆಗಲೇ ಮನಸ್ಸಿನಲ್ಲಿ ಅರ್ಧ ಮುಗಿದಿತ್ತು. ಬರೆದುಕೋ, ಆದರೆ ಮೊದಲು ನಾನು ಹೇಳುತ್ತೇನೆ, ಆಮೇಲೆ ನೀನು ಎಂದು ಕರಾರು ಹಾಕಿದರು. ಆಗಲಿ ಎಂದು ಒಪ್ಪಿಕೊಂಡೆ, ಬುದ್ಧಿಯಿಲ್ಲದವಳು.

ಸೋಮವಾರ ರೈಲು ಹೊರಡುತ್ತಿದ್ದಂತೆ ಚಿಕ್ಕತಾಯಮ್ಮ ಕಾಯಿ ಸುಲಿಯಲು ಕೂತರು. ಕಥೆಯಲ್ಲಿ ಒಬ್ಬ ಬರೆಯುವ ಹೆಂಗಸು ಬಾಳೆಹಣ್ಣು ಹಿಡಿದುಕೊಂಡು ಬಂದಳು. ಅಜ್ಜಿ ಓದು ಎಂದಾಗ ಅವಳು ಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದಳು. ಅತ್ತಳು, ಮೂಗು ಒರೆಸಲು ಸೆರಗು ಸಿಗದೆ ಪುರವಣಿಯಲ್ಲೇ ಒರೆಸಿಕೊಂಡಳು. ಊಟಕ್ಕೆ ಕೂತವಳು ಅಳುತ್ತಾ ಒಂದು ಮುದ್ದೆ ಉಂಡಳು, ಅಳುತ್ತಾ ಎರಡನೆಯದು ಉಂಡಳು, ಮೂರನೆಯದು ಹಾಕಿಸಿಕೊಂಡ ಮೇಲೆ ಅಳು ನಿಲ್ಲಿಸಿ ಸಾರು ಎಲ್ಲಿ ಎಂದಳು. ಇಲ್ಲಿ ಚಿಕ್ಕತಾಯಮ್ಮ ನಿಲ್ಲಿಸಿ, ನಿಧಾನವಾಗಿ ಒಂದು ಕಾಯಿ ಬಿಡಿಸಿದರು. ಬೋಗಿ ಬಿದ್ದುಬಿದ್ದು ನಕ್ಕಿತು. ಹಾಗೆ ನಡೆಯಲೇ ಇಲ್ಲವಲ್ಲ ಎಂದು ನಾನು ಜಬೀನಾ ಟೀಚರ್ ಕಡೆ ತಿರುಗಿದೆ. ಅವರು ಕಣ್ಣಲ್ಲಿ ನೀರು ಬರುವಂತೆ ನಗುತ್ತಾ, ನಡೆಯದಿದ್ದರೇನಂತೆ, ಎಷ್ಟು ಚೆನ್ನಾಗಿದೆ ನೋಡಿ ಎಂದರು.

ಅವತ್ತು ನಾನು ಉಂಡದ್ದು ಒಂದೇ ಮುದ್ದೆ. ಇಷ್ಟುದ್ದ ಬರೆದದ್ದೇ ಈ ಒಂದು ಸತ್ಯವನ್ನು ದಾಖಲೆ ಮಾಡಿಡೋಣವೆಂದು. ಅಚ್ಚಾದ ಮೇಲೆ ಬೋಗಿಯಲ್ಲಿ ಓದಿಯೂ ಹೇಳಬೇಕೆಂದಿದ್ದೇನೆ. ಆದರೆ ಯಾರೂ ನಂಬುವುದಿಲ್ಲ. ಮೊನ್ನೆಯಿಂದ ನನಗೇ ಮೂರನೆಯ ಮುದ್ದೆಯ ನೆನಪು ಬರುತ್ತಿದೆ.