ಕೆಂಪವ್ವನ ಕುರ್ಚಿ

ಎರಡನೇ ಶನಿವಾರದ ಮುಂಜಾನೆ ಕೆಂಪವ್ವ ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿದು, ಆಕೆ ಚಹಾದ ಕಪ್ಪು-ಬಸಿ ಸಮೇತ ಅಂಗಳದಲ್ಲಿ ಕುಸಿದಳು. ಪೆಟ್ಟೇನೂ ಆಗಲಿಲ್ಲ, ಚಹಾ ಮಾತ್ರ ಚೆಲ್ಲಿತು. ಓಡಿ ಬಂದು ಎಬ್ಬಿಸಿದ ಮಗ ಗಿರಿಮಲ್ಲಪ್ಪ ಅಷ್ಟಕ್ಕೇ ಸುಮ್ಮನಿದ್ದರೆ ಸಾಕಿತ್ತು.

“ಬಿಡಬೇ ಅವ್ವಾ, ನಾನ ಒಂದು ಕಟ್ಟಿಗಿ ಕುರ್ಚಿ ಮಾಡ್ತೇನಿ,” ಅಂದ.

“ನೀನಾ? ಸಾಲ್ಯಾಗ ಒಂದು ಸ್ಟೂಲ್ ಮಾಡಿದ್ದಿ. ಅದರ ಮ್ಯಾಲ ಕುಂತು ನಿಮ್ಮಪ್ಪ ಬಿದ್ದಿದ್ದ. ನಾ ಈಗಷ್ಟ ಬಿದ್ದು ಎದ್ದೇನಿ, ಮತ್ತ ಬೀಳಾಕ ಒಲ್ಲೆ.”

ಮಾತು ನಾಟಿತು. ಬನಹಟ್ಟಿಯ ಬ್ಯಾಂಕಿನಲ್ಲಿ ಕೂತು ಕೂತು ಉಳಿ ಹಿಡಿಯುವುದು ಮರೆತಿತ್ತೇ ಹೊರತು ಆಸೆ ಸತ್ತಿರಲಿಲ್ಲ. ತಾನು ಮಾಡಿದ ಕುರ್ಚಿಯಲ್ಲಿ ಕೂತು ಅವ್ವ ಒಂದು ಸಲ ‘ಛಲೋ ಮಾಡೀದಿ’ ಅನ್ನಬೇಕು, ಅಷ್ಟೇ ಅವನ ಹಟ. ಹೆಂಡತಿ ಸುವರ್ಣಾ ಅತ್ತೆಯ ಕಣ್ಣು ತೋರಿಸಲು ಆಕೆಯನ್ನು ಜಮಖಂಡಿಯ ದವಾಖಾನೆಗೆ ಕರೆದೊಯ್ದದ್ದೇ ತಡ, ಅಟ್ಟದ ಮೇಲಿದ್ದ ಹಳೆಯ ಮಗ್ಗದ ಸಾಗವಾನಿಯನ್ನು ಇಳಿಸಿದ.

ಕೈ ಓಡಿದಂತೆ ತಲೆಯೂ ಓಡಿತು. ಬೆನ್ನಿಗೆ ಎತ್ತರದ ಆಸರೆ. ಸೊಳ್ಳೆಪರದೆ ಕಟ್ಟಲು ಮೂಲೆಗೊಂದರಂತೆ ನಾಲ್ಕು ಕಂಬ. ಭಾರವಾದೀತೆಂದು, ಎತ್ತಿಡಲು ಕೆಳಗೆ ಉದ್ದನೆಯ ಎರಡು ಗಳ. ಆದರೆ ಆ ಓಣಿಯ ಲಿಂಗಾಯತರು ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಇಂಥದೇ ಕಂಬದ ಕುರ್ಚಿಯಲ್ಲಿ ಕೂಡಿಸಿ, ಹೂವು ಕಟ್ಟಿ, ಹೆಗಲ ಮೇಲೆ ಒಯ್ಯುತ್ತಾರೆ. ಅದಕ್ಕೆ ವಿಮಾನ ಅನ್ನುತ್ತಾರೆ. ಎಷ್ಟೋ ವಿಮಾನಕ್ಕೆ ಹೆಗಲು ಕೊಟ್ಟಿದ್ದ ಗಿರಿಮಲ್ಲಪ್ಪನಿಗೆ ಆ ಹೊತ್ತಿನಲ್ಲಿ ಇದು ಹೊಳೆಯಲೇ ಇಲ್ಲ.

ಎದುರುಮನೆಯ ಮುದುಕ ಗುರಪ್ಪನಿಗೆ ಹೊಳೆಯಿತು. ಗೋಡೆಯಾಚೆಯಿಂದ ಇಣುಕಿದರೆ ಕೆಂಪವ್ವ ಕೂಡುವ ಜಾಗ ಖಾಲಿ. ಕಟ್ಟಿಗೆಯ ಪುಡಿ ಬಿದ್ದು ಮಗನ ಕಣ್ಣಲ್ಲಿ ನೀರು. ನಡುವೆ ವಿಮಾನ. ಇನ್ನೇನು ಕೇಳುವುದು? ಟೋಪಿ ತೆಗೆದು, ಓಣಿಗೆಲ್ಲ ಹೇಳಿಬಂದ.

ಮಂದಿ ಬಂದು ಕಟ್ಟೆಯ ಮೇಲೆ ಕೂತರು. ತನ್ನ ಕೈಕೆಲಸ ನೋಡಲು ಬಂದಿದ್ದಾರೆಂದು ಗಿರಿಮಲ್ಲಪ್ಪ ಹಿಗ್ಗಿದ.

“ಸಾಗವಾನಿ ಏನಪಾ! ಈಗಿನ ಕಾಲದಾಗ ಯಾರು ಇಷ್ಟು ಮಾಡ್ತಾರ,” ಎಂದು ಗುರಪ್ಪ ಟೋಪಿಯಿಂದ ಕಣ್ಣೊರೆಸಿಕೊಂಡ.

“ಅವ್ವಗ ಅಲ್ಲೇನ್ರಿ ಕಾಕಾ.”

“ಯಾವಾಗ ಕುಂದ್ರಸ್ತಿ?”

“ಸಂಜೀಕ್ರಿ. ಮದ್ಲ ವಾರ್ನಿಷ್ ಹಚ್ಚಬೇಕಲ್ರಿ.”

ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದು ಗುರಪ್ಪ ಅವನ ಬೆನ್ನು ಸವರಿದ. ಯಾರೋ ಚೆಂಡುಹೂವಿನ ಮಾಲೆಗಳನ್ನು ಕಂಬಗಳಿಗೆ ಸುತ್ತಿದರು. ಭಜನೆಯವರು ತಾಳ ಕುಟ್ಟಿದಾಗಲೇ ಗಿರಿಮಲ್ಲಪ್ಪನಿಗೆ ಎಲ್ಲ ತಿಳಿದದ್ದು. “ಅಯ್ಯೋ, ಆ ಕಂಬ ಸೊಳ್ಳಿ ಪರದೀಗ್ರಿ! ಅವ್ವ ಜಮಖಂಡಿಗೆ ಹೋಗ್ಯಾಳ!” ಎಂದು ಕೂಗುವಷ್ಟರಲ್ಲಿ ಮನೆಯ ಮುಂದೆ ಆಟೋ ನಿಂತಿತು.

ಕಪ್ಪು ಕನ್ನಡಕ ಹಾಕಿಕೊಂಡ ಕೆಂಪವ್ವ ಇಳಿದಳು. ಹೂವು, ತಾಳ ನೋಡಿ ಸೊಸೆಯ ಕೈ ಹಿಡಿದು, “ಅಯ್ಯ ಶಿವನ, ಗುರಪ್ಪ ಹ್ವಾದ ಕಾಣ್ತೈತಿ,” ಅಂದಳು.

“ನಾ ಇಲ್ಲೇ ಅದೇನಿ. ನಿನ್ನ ಸಲುವಾಗೇ ಬಂದೇನಿ,” ಎಂದು ಗುರಪ್ಪ ತೊದಲಿದ.

ಕೆಂಪವ್ವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕುರ್ಚಿಗೆ ಒಂದು ಸುತ್ತು ಹಾಕಿ, ಕಂಬ ಅಲುಗಿಸಿ, ಕೂತಳು. ಕುರ್ಚಿ ಕಿರ್ ಅನ್ನಲಿಲ್ಲ.

“ಛಲೋ ಮಾಡೀದಿ ಮಗನ.”

ಗಿರಿಮಲ್ಲಪ್ಪನ ಕಣ್ಣು ಮತ್ತೆ ತುಂಬಿದವು. ಈ ಸಲ ಪುಡಿಯ ತಪ್ಪಿರಲಿಲ್ಲ.

“ಇಂಥಾ ಚಂದನ್ನ ವಿಮಾನ ಈ ಓಣ್ಯಾಗ ಯಾರಿಗೂ ಸಿಕ್ಕಿಲ್ಲ,” ಎಂದು ಕೆಂಪವ್ವ ಎದ್ದಳು. “ದಿನಾ ಕುಂತು ಯಾಕ ಹಾಳ ಮಾಡ್ಲಿ? ಮಠದಾಗ ಇಡ್ರಿ. ಪಾಳಿ ಬಂದವರು ಬಳಸ್ರಿ. ನನ್ನ ಪಾಳಿ ಬಂದಾಗ ಮರೀದ ತರ್ರಿ.”

ಬಂದ ಕಾಲಿಗೆ ಕೆಲಸ ಸಿಕ್ಕಿತೆಂದು ನಾಲ್ವರು ಹೆಗಲು ಕೊಟ್ಟರು. ಕುರ್ಚಿ ಒಂದಿಷ್ಟೂ ವಾಲದೆ ಬಾಗಿಲು ದಾಟಿತು.

“ಅವ್ವಾ, ನಿನಗ ಇನ್ನೊಂದು ಮಾಡ್ಲೇನು?” ಗಿರಿಮಲ್ಲಪ್ಪ ಸಣ್ಣ ದನಿಯಲ್ಲಿ ಕೇಳಿದ.

“ನೀ ಮತ್ತ ಬಡ್ಯಾಕ ಸುರು ಮಾಡಿದ್ರ ಇವರು ಮತ್ತ ಹೂವು ತರತಾರ. ಬಜಾರಕ್ಕ ಹೋಗಿ ಪ್ಲಾಸ್ಟಿಕ್ಕಿಂದ ತಾ.”

ಮೈಮೇಲಿನ ಪುಡಿ ಕೊಡವಿಕೊಂಡು ಹೊರಟರೆ ಬಾಗಿಲಲ್ಲಿ ಗುರಪ್ಪ, ಕೈಯಲ್ಲಿ ಅಳತೆಯ ಟೇಪು ಹಿಡಿದು ನಿಂತಿದ್ದ.

“ತಮ್ಮಾ, ನಿಮ್ಮವ್ವಂದು ನನಗ ಬಿಗಿ ಆಕೈತಿ. ನನ್ನ ಅಳತಿ ತಗೊಂಬಿಡು,” ಎಂದು ತೋಳು ಅಗಲಿಸಿದ. “ಸೊಳ್ಳಿ ಪರದಿ ಬ್ಯಾಡ.”