ಮೋಟು ಪಂಪು

ಶನಿವಾರ ಬೆಳಿಗ್ಗೆ ಗ್ಯಾರೇಜಿನಿಂದ ಫೋನ್ ಬಂತು.

"ಸಾಹೇಬ್, ಎಂಜಿನ್ ಕಟ್ಟಿ ಮುಗೀತು. ಆಯಿಲ್ ಪಂಪ್ ಒಂದೇ ಬಾಕಿ. ಮೋಟು ಪಂಪ್ ತನ್ನಿ, ಮೋಟು!" ಎಂದು ಹಿಂದಿಯಲ್ಲಿ ಕೂಗಿದ ಮೆಕ್ಯಾನಿಕ್ ಜಿಗ್ನೇಶ್, ಉತ್ತರಕ್ಕೆ ಕಾಯದೆ ಫೋನಿಟ್ಟ.

ಕೇಶವನಿಗೆ ಅನುಮಾನವೇ ಬರಲಿಲ್ಲ. ಮೋಟು ಅಂದರೆ ಗಿಡ್ಡ. ಬ್ಯಾಂಕಿನ ವರ್ಗಾವಣೆಯಲ್ಲಿ ದಾವಣಗೆರೆಯಿಂದ ಗುಜರಾತಿನ ಕೊಯಾಲಿಗೆ ಬರುವಾಗ ತಂದಿದ್ದ ಅವನ ಹಳೇ ಕಾರು ಮೂರು ತಿಂಗಳಿಂದ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಇವತ್ತು ಸಂಜೆ ಐದರೊಳಗೆ ಅದು ಓಡದಿದ್ದರೆ ಗುಜರಿಗೆ ಎಂದು ಹೆಂಡತಿ ಸುಮತಿ ತೀರ್ಪು ಕೊಟ್ಟಾಗಿತ್ತು. ಟೆಂಪೋದವನಿಗೂ ಹೇಳಿಯಾಗಿತ್ತು.

"ಐದು ಗಂಟೆಗೆ ಅದೇ ಕಾರಲ್ಲಿ ನಿನ್ನ ಸುತ್ತಾಡಿಸ್ತೀನಿ, ನೋಡ್ತಿರು."

"ನೋಡ್ತಾನೇ ಇದೀನಿ ರೀ, ಮೂರು ತಿಂಗಳಿಂದ."

ವಡೋದರದ ಬಿಡಿಭಾಗದ ಅಂಗಡಿಯವನು ಎರಡು ಪಂಪು ಮುಂದಿಟ್ಟ. ಒಂದು ಗಿಡ್ಡ, ಒಂದು ಉದ್ದ. ಗಿಡ್ಡದ್ದು ಅದೊಂದೇ ಉಳಿದಿತ್ತು. ಕೇಶವ ಅಳಿಯನನ್ನು ಆರಿಸುವ ಮಾವನ ಗತ್ತಿನಲ್ಲಿ ಅದನ್ನು ತಿರುಗಿಸಿ ನೋಡಿ ಎತ್ತಿಕೊಂಡ.

ಕೊಯಾಲಿಗೆ ಮರಳಿದವನು ಪದ್ಮನಾಭನ ಉಡುಪಿ ಹೋಟೆಲಿನಲ್ಲಿ ಕಾಫಿಗೆ ನಿಂತದ್ದೇ ತಪ್ಪಾಯಿತು.

"ಎಂತ ಮಾರಾಯ್ರೆ, ಇಷ್ಟು ಸಣ್ಣದು ತಂದದ್ದು?" ಎಂದ ಪದ್ಮನಾಭ.

"ಜಿಗ್ನೇಶ್ ಮೋಟು ತನ್ನಿ ಅಂದ, ತಂದೆ."

ಪದ್ಮನಾಭ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಕ್ಕ. "ಇದು ಗುಜರಾತ್! ಇಲ್ಲಿ ಮೋಟು ಅಂದ್ರೆ ದೊಡ್ಡದು! ಮೋಟು ದೋಸೆ ಕೇಳಿದವರಿಗೆ ನಾನು ಗಿಡ್ಡ ದೋಸೆ ಕೊಟ್ಟಿದ್ರೆ ಇಪ್ಪತ್ತು ವರ್ಷ ಹೋಟ್ಲು ನಡೀತಿತ್ತಾ?"

ಪಕ್ಕದ ಮೇಜಿನಿಂದ ಲಕ್ಷ್ಮೀನಾರಾಯಣ ಎದ್ದು ಬಂದ. ಅವನು ರಿಫೈನರಿಯಲ್ಲಿ ಹಾಜರಿ ಬರೆಯುವವನು. "ಎಣ್ಣೆ ವಿಷ್ಯ ನಮ್ಮನ್ನ ಕೇಳ್ಬೇಕು ಸಾರ್. ದೊಡ್ಡ ಪಂಪು, ಜಾಸ್ತಿ ಎಣ್ಣೆ. ಅಷ್ಟೇ ಸೈನ್ಸು."

ಕೇಶವ ಫೋನ್ ಮಾಡಿದ. ಎಂಜಿನ್ನಿನ ಅಡಿ ಮಲಗಿದ್ದ ಜಿಗ್ನೇಶ್ ಎತ್ತಲಿಲ್ಲ. ಮತ್ತೆ ಆಟೋ, ಮತ್ತೆ ವಡೋದರ. ಪಂಪು ಬದಲಾಯಿಸಿ, ಉದ್ದದ್ದನ್ನು ಹಿಡಿದು ಅಂಗಡಿಯ ಮೆಟ್ಟಿಲಿಳಿಯುವಷ್ಟರಲ್ಲಿ, ಅವನು ವಾಪಸು ಕೊಟ್ಟ ಗಿಡ್ಡದ್ದನ್ನು ಇನ್ನೊಬ್ಬ ಗಿರಾಕಿ ಚೀಲಕ್ಕೆ ಹಾಕಿಸಿಕೊಳ್ಳುತ್ತಿದ್ದ. ಪಾಪ, ಭಾಷೆ ಬಾರದವನಿರಬೇಕು ಎಂದುಕೊಂಡ ಕೇಶವ.

ಗ್ಯಾರೇಜು ಮುಟ್ಟಿದಾಗ ನಾಲ್ಕೂವರೆ. ಜಿಗ್ನೇಶ್ ಪಂಪು ಕೂರಿಸಿ, ಎಂಜಿನ್ನಿನ ತಳದ ಎಣ್ಣೆ ಚೇಂಬರ್ ಮುಚ್ಚಲು ಹೋದ. ಮುಚ್ಚಲಿಲ್ಲ. ಅಂಗಾತ ಮಲಗಿ ಎರಡೂ ಕಾಲಿಂದ ಒತ್ತಿದ. ಪಂಪು ಬಸುರಿಯ ಹೊಟ್ಟೆಯಂತೆ ಮುಂದೆ ಚಾಚಿಕೊಂಡೇ ಇತ್ತು.

"ಹೊಸ ಚೇಂಬರ್ ಆಳ ಕಡಿಮೆ. ಅದಕ್ಕೇ ಮೋಟು ಅಂದಿದ್ದು ಸಾಹೇಬ್!"

"ಇದೇ ಮೋಟು! ನಿಮ್ಮ ಗುಜರಾತಿಯಲ್ಲಿ ದೊಡ್ಡದು!"

ಜಿಗ್ನೇಶ್ ಕಾರಿನಡಿಯಿಂದ ಮುಖ ಹೊರಗೆ ಹಾಕಿದ. "ಗುಜರಾತಿ ಯಾರು ಮಾತಾಡಿದ್ರು? ಗಿಡ್ಡ ಬೋಲ್ಟು, ಗಿಡ್ಡ ಸ್ಪ್ಯಾನರು, ಎಲ್ಲಕ್ಕೂ ನೀವು ಮೋಟು, ಮೋಟು ಅಂತಿದ್ರಿ. ನಾನೂ ಕಲಿತೆ. ಸಾಹೇಬರಿಗೆ ಖುಷಿಯಾಗ್ಲಿ ಅಂತ ಇವತ್ತು ನಿಮ್ಮ ಕನ್ನಡದಲ್ಲೇ ಹೇಳ್ದೆ."

ಬಾಗಿಲಲ್ಲಿ ಟೆಂಪೋ ಹಿಮ್ಮುಖವಾಗಿ ಒಳಗೆ ಬರುತ್ತಿತ್ತು. ಸುಮತಿ ಪಕ್ಕದಲ್ಲಿ ನಿಂತು, "ಬರ್ಲಿ, ಇನ್ನೂ ಬರ್ಲಿ" ಎಂದು ಕೈ ಬೀಸುತ್ತಿದ್ದಳು.

ಜಿಗ್ನೇಶ್ ಕೈ ಒರೆಸಿಕೊಳ್ಳುತ್ತಾ ಎದ್ದು ನಿಂತ. "ಉಚ್ಚಾರ ಸರಿಯಿತ್ತಾ ಸಾಹೇಬ್?"

"ಸರಿಯಾಗೇ ಇತ್ತು," ಎಂದ ಕೇಶವ.